ಹೆಣ್ಣುಮಕ್ಕಳ ಪಾಲಿನ ಬಗ್ಗೆ ಪ್ರಸಂಗಪೀಠದಿಂದ ಮಾತಾಡಿ: ಕರಾವಳಿಯ ಸಭಾನಾಯಕರಿಗೆ ಒಂದು ಬಹಿರಂಗ ಪತ್ರ

ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಕರ್ನಾಟಕ ದಕ್ಷಿಣ ಸಭಾಪ್ರಾಂತದ ಅತಿ ವಂದನೀಯ ಬಿಷಪರಿಗೆ, ಸಭಾಪಾಲಕರಿಗೆ ಮತ್ತು ಸಭಾ ಹಿರಿಯರಿಗೆ. ಹಾಗೆಯೇ ಮಂಗಳೂರು ಮತ್ತು ಉಡುಪಿ ಧರ್ಮಪ್ರಾಂತ್ಯಗಳ ಪೂಜ್ಯ ಧರ್ಮಾಧ್ಯಕ್ಷರಿಗೆ,

ಮಾನ್ಯರೇ,

ನಾನು ಉಡುಪಿಯಲ್ಲಿ 1989ರಿಂದ ದಸ್ತಾವೇಜು ಬರೆದು ಜೀವನ ಮಾಡುತ್ತಿರುವವನು. ಮೊದಲು ಕೈಬರಹದಲ್ಲಿ, ಆಮೇಲೆ ಟೈಪ್‌ರೈಟರಿನಲ್ಲಿ, ಈಗ ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ನಿನ ಕಾಲದಲ್ಲೇ ಸಭೆಗೆ, ಅಂದರೆ ಚರ್ಚಿಗೆ, ಸೇರಿದ ಮನೆತನ ನಮ್ಮದು. ಎರಡು ಅವಧಿಗೆ ನಾನು ನಮ್ಮ ಸಭೆಯ ಹಿರಿಯನಾಗಿಯೂ ಸೇವೆ ಮಾಡಿದ್ದೇನೆ. ಕ್ರಯಪತ್ರ, ವಿಭಾಗಪತ್ರ, ವ್ಯವಸ್ಥಾಪತ್ರ, ವೀಲುನಾಮೆ ಎಂದು ನನ್ನ ಮೇಜಿನ ಮೇಲೆ ಹಾದುಹೋದ ಕಾಗದಗಳಲ್ಲಿ ಒಂದು ಬಗೆಯ ಪತ್ರದ ಬಗ್ಗೆ ನಿಮಗೆ ಬರೆಯಬೇಕೆಂದು ಬಹಳ ವರ್ಷಗಳಿಂದ ಅಂದುಕೊಂಡಿದ್ದೆ. ತಂದೆ ಬಿಟ್ಟುಹೋದ ಆಸ್ತಿಯಲ್ಲಿ ತನಗೆ ಸೇರಬೇಕಾದ ಪಾಲನ್ನು ಮಗಳು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವ ಹಕ್ಕು ಖುಲಾಸೆ ಪತ್ರ ಅದು. ಬೇರೆ ಸಮುದಾಯದವರೂ ಅದನ್ನು ಬರೆಸುತ್ತಾರೆ. ಆದರೆ ಕ್ರೈಸ್ತರ ಮನೆಯ ಪತ್ರ ಬರೆಯುವಾಗ ನನ್ನ ಕೈ ತಡೆಯುತ್ತದೆ, ಯಾಕೆಂದರೆ ಅದರಲ್ಲಿ ಸಾಕ್ಷಿಯಾಗಿ ಸಹಿ ಹಾಕುವವರು ಅನೇಕ ಸಲ ನಮ್ಮ ಸಭೆಯ ಹಿರಿಯರೇ ಆಗಿರುತ್ತಾರೆ, ಕೆಲವೊಮ್ಮೆ ಸಭಾಪಾಲಕರೂ ಆಗಿರುತ್ತಾರೆ.

ಕೆಲವು ವರ್ಷಗಳಿಂದ ಆದಿತ್ಯವಾರದ ಆರಾಧನೆಯಲ್ಲಿ, ಕುಟುಂಬ ಕೂಟಗಳಲ್ಲಿ, ವಾರ್ಷಿಕ ಸಮ್ಮೇಳನಗಳಲ್ಲಿ ಬದಲಾಗುತ್ತಿರುವ ಸಂಸ್ಕೃತಿಯ ಬಗ್ಗೆ ನೀವು ಮಾತಾಡುವುದನ್ನು ಗಮನವಿಟ್ಟು ಕೇಳುತ್ತಾ ಬಂದಿದ್ದೇನೆ. ಯುವಕರು ಮೊಬೈಲಿನಲ್ಲಿ ಮುಳುಗಿರುವುದು, ಮದುವೆಯ ವಯಸ್ಸು ಮುಂದೆ ಹೋಗುತ್ತಿರುವುದು, ಸಮುದಾಯದ ಹೊರಗೆ ಮದುವೆಗಳು ಹೆಚ್ಚುತ್ತಿರುವುದು, ಮದುವೆ ಊಟದಲ್ಲಿ ಮದ್ಯ ಹರಿಯುವುದು, ವಿಚ್ಛೇದನ ಇವೆಲ್ಲ ನಿಮ್ಮ ಪ್ರಸಂಗಗಳಲ್ಲಿ ಬರುತ್ತವೆ. ಇವು ಹುರುಳಿಲ್ಲದ ವಿಷಯಗಳೆಂದು ನಾನು ಹೇಳುವುದಿಲ್ಲ; ನಾನೂ ಇಬ್ಬರು ಮಕ್ಕಳ ತಂದೆ. ಆದರೆ ಈ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ, ಮನೆಯ ಜಾಗದಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ, ಅದನ್ನು ಕೊಡದೆ ಇಟ್ಟುಕೊಳ್ಳುವುದು ದೇವರ ಮುಂದೆ ತಪ್ಪು ಎಂಬ ಒಂದು ಮಾತನ್ನು ನಾನು ಯಾವ ಪ್ರಸಂಗಪೀಠದಿಂದಲೂ ಕೇಳಿಲ್ಲ. ಹೊಸ ಕಾಲ ತಂದ ದೋಷಗಳನ್ನು ಬೆರಳು ಮಾಡಿ ತೋರಿಸುವ ನಾವು, ಹಳೆಯ ಕಾಲದಿಂದ ಹೊತ್ತು ತಂದ ಈ ದೋಷವನ್ನು ಮನೆತನದ ಮರ್ಯಾದೆ ಎಂದು ಕರೆದುಕೊಂಡು ಬಂದಿದ್ದೇವೆ.

ಕಾನೂನು ಏನು ಹೇಳುತ್ತದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಸಭೆಯಲ್ಲಿ ಓದಿದವರಿಗೂ ಇದು ಗೊತ್ತಿಲ್ಲದಿರುವುದನ್ನು ಕಂಡಿದ್ದೇನೆ. ಕ್ರೈಸ್ತರ ಆಸ್ತಿ ಹಂಚಿಕೆಗೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ವೀಲುನಾಮೆ ಬರೆಯದೆ ಗಂಡ ತೀರಿಕೊಂಡರೆ, ಮಕ್ಕಳಿದ್ದ ಪಕ್ಷದಲ್ಲಿ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಮಕ್ಕಳಿಗೆ ಎಂದು ಅದರ 33ನೆಯ ಕಲಮು ಹೇಳುತ್ತದೆ. ಆ ಮಕ್ಕಳಲ್ಲಿ ಹಂಚಿಕೆ ಸಮಸಮ ಎನ್ನುವುದು 37ನೆಯ ಕಲಮು. ಮಗ, ಮಗಳು ಎಂಬ ಭೇದ ಅಲ್ಲಿಲ್ಲ. ಮದುವೆಯಾದ ಮಗಳು, ಆಗದ ಮಗಳು ಎಂಬ ಭೇದವೂ ಇಲ್ಲ. ಇದು ನಿನ್ನೆ ಮೊನ್ನೆ ಬಂದ ನಿಯಮವೂ ಅಲ್ಲ. 1865ರ ಉತ್ತರಾಧಿಕಾರ ಕಾಯಿದೆಯಲ್ಲೇ ಇದು ಇತ್ತು. ಅದಕ್ಕೂ ಎರಡು ವರ್ಷ ಮೊದಲು, 1863ರಲ್ಲಿ, ಬಳ್ಳಾರಿಯ ಒಂದು ಕ್ರೈಸ್ತ ಕುಟುಂಬದ ವ್ಯಾಜ್ಯ ಆಗಿನ ಕೊನೆಯ ಮೇಲ್ಮನವಿಯ ಪೀಠವಾದ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೂ ಹೋಗಿ ತೀರ್ಮಾನವಾಗಿತ್ತು. ಗಂಡನನ್ನು ಕಳೆದುಕೊಂಡ ಶಾರ್ಲೆಟ್ ಅಬ್ರಹಾಂ ಎಂಬ ಹೆಂಗಸು, ಆಸ್ತಿಯೆಲ್ಲ ಹಿಂದೂ ಅವಿಭಕ್ತ ಕುಟುಂಬದ ಪದ್ಧತಿಯಂತೆ ತನಗೂ ಸೇರಬೇಕು ಎಂದ ಗಂಡನ ಸೋದರನ ವಿರುದ್ಧ ನಡೆಸಿದ ಹೋರಾಟ ಅದು. ನಮ್ಮ ರಾಜ್ಯದ ನೆಲದಲ್ಲೇ ಹುಟ್ಟಿದ ಈ ಮೊಕದ್ದಮೆಯ ಹೆಸರನ್ನು ನಮ್ಮ ಸಂಡೇ ಸ್ಕೂಲಿನ ಮಕ್ಕಳಿಗೆ ಯಾರೂ ಹೇಳಿಕೊಡುವುದಿಲ್ಲ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಹಿಂದೂ ಕುಟುಂಬಗಳಿಗೆ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ನಮಗೆ ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಮೊದಲೇ ಕಾನೂನು ಸಮಪಾಲು ಕೊಟ್ಟಿತ್ತು. ಇನ್ನೊಂದು ವಿಷಯ ನನ್ನ ಮನಸ್ಸನ್ನು ಇದಕ್ಕಿಂತಲೂ ಹೆಚ್ಚು ಕಾಡುತ್ತದೆ. ತುಳುನಾಡಿನ ಹಳೆಯ ಕಟ್ಟಿನಲ್ಲಿ, ಅಂದರೆ ಅಳಿಯಸಂತಾನದಲ್ಲಿ, ಆಸ್ತಿ ಹರಿಯುತ್ತಿದ್ದದ್ದು ಹೆಣ್ಣಿನ ಮೂಲಕ. ಯಜಮಾನಿಕೆ ಬಹುಪಾಲು ಸೋದರಮಾವನ ಕೈಯಲ್ಲೇ ಇದ್ದರೂ, ಮನೆ ತಾಯಿಯ ಮನೆ, ಕುಟುಂಬ ತಾಯಿಯ ಕುಟುಂಬ. ಬಾಸೆಲ್ ಮಿಷನ್ನಿನ ಸಭೆಗೆ ಮೊದಮೊದಲು ಸೇರಿದವರಲ್ಲಿ ಅನೇಕರು ಆ ಕಟ್ಟಿನ ಮನೆಗಳಿಂದ ಬಂದವರು. ಹೊಸ ವಿಶ್ವಾಸಕ್ಕೆ ಬರುವಾಗ ಅವರು ಆ ಕಟ್ಟನ್ನು ಬಿಟ್ಟರು. ಅವರ ಮೊಮ್ಮಕ್ಕಳ ಕಾಲಕ್ಕೆ ಕಾಯಿದೆ ಕೊಟ್ಟ ಸಮಪಾಲನ್ನೂ ನಾವು ಹೆಣ್ಣುಮಕ್ಕಳ ಕೈಗೆ ಕೊಡಲಿಲ್ಲ. ಅತ್ತ ಊರಿನ ಪದ್ಧತಿಯ ಆಸರೆಯೂ ಇಲ್ಲ, ಇತ್ತ ಸಭೆಯ ಆಸರೆಯೂ ಇಲ್ಲ ಎಂಬ ಸ್ಥಿತಿಯಲ್ಲಿ ನಮ್ಮ ಅಕ್ಕತಂಗಿಯರು ನಿಂತರು.

ಈಗ ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಅದನ್ನು ಬಿಟ್ಟು ಇತರರ ಬಗ್ಗೆ ಮಾತ್ರ ಬರೆದರೆ ಈ ಪತ್ರ ಬರೆಯುವ ಅರ್ಹತೆ ನನಗಿರುವುದಿಲ್ಲ.

ನಮ್ಮ ತಂದೆ 1991ರಲ್ಲಿ ತೀರಿಕೊಂಡರು. ವೀಲುನಾಮೆ ಇರಲಿಲ್ಲ. ಮೊದಲು ಚಾಲಗೇಣಿಗೆ (ಒಕ್ಕಲಾಗಿ) ಇದ್ದು, ಆಮೇಲೆ ಡಿಕ್ಲರೇಶನ್ ಆಗಿ ಅವರ ಹೆಸರಿಗೆ ಬಂದ 90 ಸೆಂಟ್ಸ್ ಜಾಗ, ಅದರಲ್ಲಿ ಒಂದು ಹಂಚಿನ ಮನೆ, ಬಾವಿ, ಕೆಲವು ತೆಂಗಿನ ಮರಗಳಿದ್ದವು. ಮಕ್ಕಳು ನಾವು ಮೂವರು: ನಾನು, ನನ್ನ ತಮ್ಮ, ನಮ್ಮಿಬ್ಬರ ನಡುವೆ ಹುಟ್ಟಿದ ತಂಗಿ. ಕಾನೂನಿನ ಪ್ರಕಾರ ಅಮ್ಮನಿಗೆ 30 ಸೆಂಟ್ಸ್, ಮಕ್ಕಳಿಗೆ ತಲಾ 20. ನನಗೆ ಅದು ಚೆನ್ನಾಗಿ ಗೊತ್ತಿತ್ತು, ಅದೇ ನನ್ನ ಕಸುಬು. ಆದರೂ ತಂದೆಯ ಸ್ಮರಣೆಯ ಪ್ರಾರ್ಥನೆ ಮುಗಿದ ವಾರವೇ ನನ್ನ ಕೈಯಿಂದಲೇ ಪತ್ರ ಬರೆದೆ. "ನನ್ನ ಸ್ವಸಂತೋಷದಿಂದ, ಯಾರ ಒತ್ತಾಯವೂ ಪ್ರೇರಣೆಯೂ ಇಲ್ಲದೆ, ಪ್ರೀತಿ ವಿಶ್ವಾಸದ ಮೇಲೆ" ಎಂಬ ವಾಕ್ಯವನ್ನು ಅಂದವಾದ ಅಕ್ಷರಗಳಲ್ಲಿ ಬರೆದದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಗಿನ ಸಭಾಪಾಲಕರು ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಸಣ್ಣ ಪ್ರಾರ್ಥನೆ ಮಾಡಿದರು, ಸಹೋದರರು ಒಂದಾಗಿ ಬಾಳುವುದರ ಬಗ್ಗೆ ಎರಡು ಮಾತು ಹೇಳಿದರು, ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು.

ತಂಗಿ ಪತ್ರವನ್ನು ಪೂರ್ತಿ ಓದಲಿಲ್ಲ. ಪೆನ್ನು ಕೈಯಲ್ಲಿ ಹಿಡಿದುಕೊಂಡು ಒಂದೇ ಒಂದು ಪ್ರಶ್ನೆ ಕೇಳಿದಳು: "ಅಣ್ಣಾ, ಅಮ್ಮನ ಪಾಲು ಅಮ್ಮನ ಹೆಸರಲ್ಲೇ ಇರ್ತದಲ್ಲವಾ?" ಆ ಪತ್ರದಲ್ಲಿ ಅಮ್ಮನ ಪಾಲನ್ನೂ ನಮ್ಮಿಬ್ಬರಿಗೆ ಖುಲಾಸೆ ಮಾಡಿಸಿ ಬರೆದಿದ್ದೆ. ಹಾಗೇ ಇರಲಿ, ಆಮೇಲೆ ನೋಡುವ ಎಂಬಂತೆ ಏನೋ ಹೇಳಿದೆ. ಸಭಾಪಾಲಕರಿಗೂ ಪತ್ರದಲ್ಲಿ ಏನಿದೆ ಎಂದು ಗೊತ್ತಿತ್ತು, ಅವರೂ ಸುಮ್ಮನಿದ್ದರು. ತಂಗಿ ಸಹಿ ಹಾಕಿದಳು. ಅಮ್ಮನ ಹೆಬ್ಬೆಟ್ಟಿಗೆ ನಾನೇ ಶಾಯಿ ಹಚ್ಚಿದೆ.

ಮುಂದೆ ಅಮ್ಮ ಹದಿನಾಲ್ಕು ವರ್ಷ ಬದುಕಿದರು. ಕೊನೆಯ ಆರು ವರ್ಷ ಅವರನ್ನು ನೋಡಿಕೊಂಡದ್ದು ಆ ಜಾಗದಲ್ಲಿ ಒಂದು ಸೆಂಟ್ಸೂ ಇಲ್ಲದ ತಂಗಿ, ಮಂಗಳೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಆಗಲೇ ಅವಳ ಗಂಡ ತೀರಿಹೋಗಿದ್ದ. ಅಮ್ಮನ 30 ಸೆಂಟ್ಸ್ ಅಮ್ಮನ ಹೆಸರಲ್ಲೇ ಇದ್ದಿದ್ದರೆ ಅವರ ನಂತರ ತಂಗಿಗೆ ಇನ್ನೂ ಹತ್ತು ಸೇರುತ್ತಿತ್ತು, ಒಟ್ಟಿಗೆ 30 ಆಗುತ್ತಿತ್ತು. ಬಹಳ ತಡವಾಗಿ, 2019ರಲ್ಲಿ, ನನ್ನ ಪಾಲಿನ 45 ಸೆಂಟ್ಸಿನಿಂದ 15ನ್ನು ಅವಳ ಹೆಸರಿಗೆ ವ್ಯವಸ್ಥಾಪತ್ರ ಮಾಡಿಕೊಟ್ಟೆ. ತಮ್ಮನ ಕೈಯಲ್ಲಿರುವ ಇನ್ನುಳಿದ 15ರ ಬಗ್ಗೆ ನಮ್ಮಲ್ಲಿ ಮಾತು ನಿಂತುಹೋಗಿದೆ. ಈ ಕಥೆಯಲ್ಲಿ ಮೊದಲ ತಪ್ಪು ನನ್ನದೇ. ಆದರೆ ಆ ದಿನ ಜಗಲಿಯಲ್ಲಿ ಕುಳಿತಿದ್ದವರು ಒಂದು ನಿಮಿಷ ತಂಗಿಯನ್ನು ಪಕ್ಕಕ್ಕೆ ಕರೆದು, "ಮಗಳೇ, ಇದರಲ್ಲಿ ಏನು ಬರೆದಿದೆ ಅಂತ ಗೊತ್ತುಂಟಾ?" ಎಂದು ಕೇಳಿದ್ದರೆ ಬಹುಶಃ ನನ್ನ ಕೈ ಅಲ್ಲೇ ನಿಲ್ಲುತ್ತಿತ್ತು. ನನಗೆ ನಾಯಕರು ಬೇಕಾಗಿದ್ದದ್ದು ಆ ಒಂದು ನಿಮಿಷಕ್ಕೆ.

ಮದುವೆಗೆ ಚಿನ್ನ ಹಾಕಿದ್ದೇವೆ, ಖರ್ಚು ಮಾಡಿದ್ದೇವೆ, ಅದೇ ಅವಳ ಪಾಲು ಎನ್ನುವ ಮಾತನ್ನು ನೀವೆಲ್ಲ ಕೇಳಿರುತ್ತೀರಿ. ನಾನೂ ಇದನ್ನೇ ಹೇಳಿದ್ದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಮದುವೆಯ ಸಭಾಂಗಣ, ಸಾವಿರ ಜನರ ಊಟ, ಬ್ಯಾಂಡು, ವಿಡಿಯೋ, ಇವೆಲ್ಲ ಮನೆಯ ಹೆಸರಿಗಾಗಿ ನಡೆಯುವ ಖರ್ಚು. ಅಣ್ಣನ ಮದುವೆಗೂ ಅಷ್ಟೇ ಆಗುತ್ತದೆ, ಆದರೆ ಅವನ ಪಾಲಿನಿಂದ ಅದನ್ನು ಯಾರೂ ಕಳೆಯುವುದಿಲ್ಲ. ಇನ್ನು ಚಿನ್ನ ವರನ ಕಡೆಯವರ ಬೇಡಿಕೆಯಿಂದ ಕೊಟ್ಟದ್ದಾದರೆ ಅದು ವರದಕ್ಷಿಣೆಯೇ, 1961ರಿಂದ ಕಾನೂನು ಅದನ್ನು ನಿಷೇಧಿಸಿದೆ. ಒಂದು ತಪ್ಪನ್ನು ಮಾಡಿ, ಆ ತಪ್ಪಿನ ಮೊತ್ತವನ್ನು ಇನ್ನೊಂದು ತಪ್ಪಿನ ಲೆಕ್ಕಕ್ಕೆ ಜಮಾ ಮಾಡುವುದು ಯಾವ ನ್ಯಾಯ? ಇನ್ನು ಕೆಲವರು ಮದುವೆಯ ಸಮಯದಲ್ಲೇ, ತಂದೆ ಬದುಕಿರುವಾಗಲೇ, ಮಗಳಿಂದ ಪಾಲು ಬೇಡವೆಂದು ಬರೆಸಿಕೊಳ್ಳುತ್ತಾರೆ. ಕ್ರೈಸ್ತರಲ್ಲಿ ತಂದೆ ಬದುಕಿರುವಷ್ಟು ಕಾಲ ಮಕ್ಕಳಿಗೆ ಅವನ ಆಸ್ತಿಯಲ್ಲಿ ಹಕ್ಕೇ ಹುಟ್ಟುವುದಿಲ್ಲ. ಮುಂದೆ ಬರಬಹುದಾದ ಪಾಲಿನ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯ 6ನೆಯ ಕಲಮು ಹೇಳುತ್ತದೆ. ಆದರೂ ಇಪ್ಪತ್ತಮೂರು ವರ್ಷದ ಹುಡುಗಿ ಒಮ್ಮೆ ಬರೆದುಕೊಟ್ಟೆನಲ್ಲ ಎಂಬ ಅಳುಕಿನಲ್ಲಿ ಜೀವನವಿಡೀ ಬಾಯಿ ಮುಚ್ಚಿಕೊಂಡಿರುತ್ತಾಳೆ. ಕಾಗದಕ್ಕೆ ಕೋರ್ಟಿನಲ್ಲಿ ಬೆಲೆ ಇಲ್ಲದಿದ್ದರೂ ಮನೆಯಲ್ಲಿ ಅದು ಬೀಗದ ಕೆಲಸ ಮಾಡುತ್ತದೆ.

ನೋಂದಣಿ ಕಚೇರಿಯಲ್ಲಿ ಯಾರಾದರೂ ಕೇಳಲಿಕ್ಕಿಲ್ಲವೇ ಎಂದು ನಿಮಗೆ ಅನಿಸಬಹುದು. 1908ರ ನೋಂದಣಿ ಕಾಯಿದೆಯ ಪ್ರಕಾರ ಅಧಿಕಾರಿ ವಿಚಾರಿಸುವುದು ಬರೆದುಕೊಟ್ಟವರು ನೀವೇ ಹೌದೇ, ಒಪ್ಪುತ್ತೀರಾ ಎನ್ನುವುದನ್ನು. ಫೋಟೋ, ಹೆಬ್ಬೆಟ್ಟು, ಸಹಿ, ಮುಗಿಯಿತು. ಯಾಕೆ ಬಿಟ್ಟುಕೊಡುತ್ತಿದ್ದೀರಿ ಎಂದು ಕೇಳುವುದು ಅವರ ಕೆಲಸವಲ್ಲ. ಕೊಲ್ಲಿ ದೇಶದಿಂದ ಹತ್ತು ದಿನದ ರಜೆಗೆ ಬಂದ ಒಬ್ಬ ನರ್ಸ್ ಹಿಂದಿರುಗುವ ವಿಮಾನದ ಹಿಂದಿನ ದಿನ ನನ್ನ ಕೋಣೆಗೆ ಬಂದಿದ್ದರು. ಊರ ಮನೆಗೆ ತಾರಸಿ ಹಾಕಿಸಿದ್ದು, ತಮ್ಮನ ಡಿಪ್ಲೊಮಾದ ಫೀಸು ಕಟ್ಟಿದ್ದು, ತಂದೆಯ ಆಸ್ಪತ್ರೆಯ ಬಿಲ್ಲು ತುಂಬಿಸಿದ್ದು ಎಲ್ಲ ಅವರ ಸಂಬಳದಿಂದಲೇ. ಸಹಿ ಹಾಕುವಾಗ ಅವರ ಬ್ಯಾಗಿನಲ್ಲಿ ಆ ಮನೆಯ ಟೈಲ್ಸಿನ ರಶೀದಿಗಳು ಇನ್ನೂ ಇದ್ದವು. ಪೆನ್ನು ಹುಡುಕುವಾಗ ಮೇಜಿನ ಮೇಲೆ ಬಿದ್ದವು. ಅವರು ಅವನ್ನು ಮಡಚಿ ಮತ್ತೆ ಒಳಗಿಟ್ಟರು. ತಮ್ಮ ಹೊರಗೆ ಕಾರಿನಲ್ಲಿ ಕಾಯುತ್ತಿದ್ದ.

ಸಂಸ್ಕೃತಿ ಬದಲಾಗಿದೆ ಎಂದರೆ ನನ್ನ ಕಣ್ಣಿಗೆ ಕಾಣುವುದು ಇದು. ಮನೆ ನಡೆಸುವವರು ಯಾರು, ಮುದಿ ತಂದೆತಾಯಿಯನ್ನು ನೋಡಿಕೊಳ್ಳುವವರು ಯಾರು, ಸಾಲ ತೀರಿಸುವವರು ಯಾರು ಎನ್ನುವುದು ಬದಲಾಗಿದೆ. ಗಂಡುಮಕ್ಕಳು ಹೊರದೇಶದಲ್ಲಿ, ಊರಿನಲ್ಲಿ ಬೀಗ ಹಾಕಿದ ಮನೆಗಳು, ಔಷಧಿ ತಂದುಕೊಡುವವಳು ಪಕ್ಕದ ಊರಿಗೆ ಮದುವೆಯಾಗಿ ಹೋದ ಮಗಳು. ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಮಾತ್ರ ಏನೂ ಬದಲಾಗಿಲ್ಲ. ಪೌತಿ ಖಾತೆಗಾಗಿ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸಲು, ಮಾಡಿಸುವ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಕೈಬಿಡುವವರಿದ್ದಾರೆ. ಹೆದ್ದಾರಿ ಅಗಲೀಕರಣದ ಪರಿಹಾರದ ಹಣ ಬಂದಾಗ, ಎಲ್ಲ ವಾರಸುದಾರರ ಸಹಿ ಬೇಕೆಂದು ಕಚೇರಿಯವರು ಹೇಳಿದಾಗ ಮಾತ್ರ ಇಪ್ಪತ್ತು ವರ್ಷ ಮಾತಾಡದ ಅಕ್ಕನ ವಿಳಾಸ ಹುಡುಕಿಕೊಂಡು ಹೋದ ತಮ್ಮಂದಿರನ್ನು ಕಂಡಿದ್ದೇನೆ.

ಇದು ಕುಟುಂಬದ ಒಳಗಿನ ವಿಷಯ, ಸಭೆ ಕೈ ಹಾಕಬಾರದು ಎನ್ನುವವರು ನಮ್ಮ ಚರಿತ್ರೆಯನ್ನು ಒಮ್ಮೆ ನೆನಪಿಸಿಕೊಳ್ಳಬೇಕು. 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಜನರ ಮನೆಯ ಒಳಗಿನ ವಿಷಯಗಳಿಗೆ ಕೈ ಹಾಕದೆ ಇರಲಿಲ್ಲ. ಸಭೆಗೆ ಸೇರುವವರು ಜಾತಿ ಬಿಡಬೇಕು, ಒಂದೇ ಪಾತ್ರೆಯಿಂದ ಕರ್ತನ ಭೋಜನ ತೆಗೆದುಕೊಳ್ಳಬೇಕು ಎಂದು ಅವರು ಪಟ್ಟು ಹಿಡಿದರು. ಆ ಕಾಲದಲ್ಲಿ ಅದಕ್ಕಿಂತ ಒಳಗಿನ ವಿಷಯ ಇನ್ನೊಂದಿರಲಿಲ್ಲ. ನೆಲೆ ಕಳೆದುಕೊಂಡವರಿಗೆ ಕೆಲಸ ಕೊಡಲು ನೇಯ್ಗೆಯ ಶಾಲೆಗಳನ್ನು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿರೆಂದು ಮನೆಮನೆಗೆ ಹೇಳಿದರು. ಆ ಮಿಷನರಿಗಳ ಎಲ್ಲ ನಡೆಯೂ ಸರಿಯಿತ್ತೆಂದು ನಾನು ಹೇಳಲಾರೆ, ಮನೆಯ ಯಜಮಾನ ಗಂಡಸೇ ಎಂಬ ಯೂರೋಪಿನ ಭಾವನೆಯನ್ನೂ ಅವರು ತಂದರು. ಆದರೆ ಊರು ಏನೆನ್ನುತ್ತದೆ ಎಂದು ಅಂಜಿ ಅವರು ಸುಮ್ಮನೆ ಕೂರಲಿಲ್ಲ. ನಮ್ಮ ಸಿ.ಎಸ್.ಐ.ಯ ಅತ್ಯುನ್ನತ ಆಡಳಿತ ಮಂಡಳಿಯಾದ ಸಿನೋಡು 1982ರಲ್ಲೇ ಸ್ತ್ರೀಯರಿಗೆ ಪಾದ್ರಿ ದೀಕ್ಷೆ ಕೊಡುವುದನ್ನು ಒಪ್ಪಿತು. 2013ರಲ್ಲಿ ನಂದ್ಯಾಲ ಸಭಾಪ್ರಾಂತಕ್ಕೆ ಇ. ಪುಷ್ಪಲಲಿತಾ ಅವರು ಬಿಷಪರಾದರು. ಬಲಿಪೀಠದ ಬಳಿ ಹೆಣ್ಣಿಗೆ ಜಾಗ ಕೊಡುವ ಧೈರ್ಯ ಮಾಡಿದ ಸಭೆಗೆ ಹಿತ್ತಲಿನಲ್ಲಿ ಅವಳಿಗೆ ಹತ್ತು ಸೆಂಟ್ಸ್ ಇದೆ ಎಂದು ಹೇಳುವ ಧೈರ್ಯ ಯಾಕಿಲ್ಲ ಎನ್ನುವುದು ನನ್ನ ಪ್ರಶ್ನೆ.

ಪಕ್ಕದ ಕೇರಳದಲ್ಲಿ ಏನಾಯಿತು ಎನ್ನುವುದು ನಿಮಗೆ ತಿಳಿದಿದೆ. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆಯಂತೆ ಅಲ್ಲಿ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲು ಭಾಗ ಅಥವಾ 5000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಅವರು ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು, ಅಲ್ಲಿಯ ಹೆಣ್ಣುಮಕ್ಕಳಿಗೂ 1925ರ ಕಾಯಿದೆಯ ಸಮಪಾಲು ಸಿಕ್ಕಿತು. ಆ ತೀರ್ಪನ್ನು ಸಂತೋಷದಿಂದ ಸಾರಬೇಕಾಗಿದ್ದ ಸಭಾನಾಯಕರಲ್ಲಿ ಹಲವರು ಅದರ ವಿರುದ್ಧವೇ ಮಾತಾಡಿದರು. ನಮ್ಮ ಕರಾವಳಿಯಲ್ಲಿ ಅಂಥ ಕಾಯಿದೆ ಇರಲೇ ಇಲ್ಲ, ಹಾಗಾಗಿ ಹೋರಾಟವೂ ನಡೆಯಲಿಲ್ಲ. ಕಾನೂನು ಸರಿಯಿದ್ದೂ ಪಾಲು ಸಿಗದ ಹೆಣ್ಣು ಯಾರ ಮೇಲೆ ದಾವೆ ಹೂಡಬೇಕು? ತನ್ನ ಅಣ್ಣನ ಮೇಲೆ. ಅದನ್ನು ಮಾಡಲು ನೂರರಲ್ಲಿ ಒಬ್ಬಳಿಗೂ ಮನಸ್ಸು ಬರುವುದಿಲ್ಲ, ಅದಕ್ಕೇ ಈ ವಿಷಯ ಕೋರ್ಟಿಗಿಂತ ಹೆಚ್ಚಾಗಿ ಸಭೆಗೆ ಸೇರಿದ್ದು.

ಇನ್ನೊಂದು ತೀರ್ಪನ್ನೂ ನೆನಪಿಸುತ್ತೇನೆ. ಹತ್ತಿರದ ಸಂಬಂಧಿಕರಿರುವ ಕ್ರೈಸ್ತನು ತನ್ನ ಆಸ್ತಿಯನ್ನು ಧಾರ್ಮಿಕ ಕಾರ್ಯಕ್ಕೆ ವೀಲುನಾಮೆಯಲ್ಲಿ ಬಿಡುವುದನ್ನು ಕಟ್ಟುಪಾಡಿಗೆ ಒಳಪಡಿಸಿದ್ದ 118ನೆಯ ಕಲಮು ಇದೇ ಕಾಯಿದೆಯಲ್ಲಿತ್ತು. ಕೇರಳದ ಪಾದ್ರಿ ಜಾನ್ ವಳ್ಳಮಟ್ಟಂ ಅವರು ಅದನ್ನು ಪ್ರಶ್ನಿಸಿದರು, 2003ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅದು ಸರಿಯಾದ ತೀರ್ಪು, ನನ್ನ ತಕರಾರಿಲ್ಲ. ಆದರೆ ಆಸ್ತಿ ದೇವಾಲಯಕ್ಕೆ ಬರುವ ದಾರಿಯಲ್ಲಿದ್ದ ಕಲಮನ್ನು ಗುರುತಿಸುವಷ್ಟು ಕಾನೂನು ನಮ್ಮ ಪಾದ್ರಿಗಳಿಗೆ ತಿಳಿದಿರುತ್ತದೆ. ಸಭೆಯ ಜಾಗದ ಗಡಿಗೆ ಯಾರಾದರೂ ಬೇಲಿ ಹಾಕಿದರೆ ಮರುದಿನವೇ ವಕೀಲರನ್ನು ಕಾಣುತ್ತೇವೆ. ಅದೇ ಕಾಯಿದೆಯ 33 ಮತ್ತು 37ನೆಯ ಕಲಮುಗಳು ವಿಧವೆಗೂ ಮಗಳಿಗೂ ಏನು ಕೊಡುತ್ತವೆ ಎನ್ನುವುದು ಮಾತ್ರ ನಮ್ಮ ಗಮನಕ್ಕೆ ಬಂದಿಲ್ಲ.

ಸತ್ಯವೇದದ ಮಾತಿಗೆ ಬರೋಣ. ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಒಬ್ಬನು ಬಂದು, ನನ್ನ ಅಣ್ಣ ಪಾಲು ಕೊಡುವಂತೆ ಹೇಳು ಎಂದು ಯೇಸುವನ್ನು ಕೇಳುತ್ತಾನೆ, ಯೇಸು ತಾನು ಪಾಲುಗಾರನಲ್ಲ ಎನ್ನುತ್ತಾನೆ. ಈ ವಾಕ್ಯವನ್ನು ಹಿಡಿದುಕೊಂಡು ಸಭೆ ಪಾಲಿನ ವಿಷಯಕ್ಕೆ ಹೋಗಬಾರದೆಂದು ನನಗೆ ಒಬ್ಬ ಹಿರಿಯರು ಬುದ್ಧಿ ಹೇಳಿದ್ದರು. ಮುಂದಿನ ವಾಕ್ಯವನ್ನೂ ಓದಬೇಕು. ಯೇಸು ಅಲ್ಲೇ ಎಲ್ಲ ಬಗೆಯ ಲೋಭಕ್ಕೂ ದೂರವಾಗಿರಿ ಎಂದು ಎಚ್ಚರಿಸಿ, ಕಣಜ ಕೆಡವಿ ದೊಡ್ಡದು ಕಟ್ಟಲು ಹೊರಟ ಐಶ್ವರ್ಯವಂತನ ಸಾಮ್ಯದ ಕಥೆಯನ್ನು ಹೇಳುತ್ತಾನೆ. ಕೈಯಲ್ಲಿ ಆಸ್ತಿ ಹಿಡಿದುಕೊಂಡವನಿಗೆ ಅದಕ್ಕಿಂತ ನೇರವಾದ ಪ್ರಸಂಗ ಇದೆಯೇ? ಅರಣ್ಯಕಾಂಡದ 27ನೆಯ ಅಧ್ಯಾಯವಂತೂ ಇನ್ನೂ ಸ್ಪಷ್ಟ. ಚಲ್ಪಹಾದನ ಐದು ಮಂದಿ ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಲ್ಲಿ, ಮೋಶೆಯ, ಯಾಜಕನ, ಮುಖಂಡರ, ಇಡೀ ಸಭೆಯ ಎದುರು ನಿಂತು ತಂದೆಯ ಸ್ವಾಸ್ತ್ಯದಲ್ಲಿ ಪಾಲು ಕೇಳುತ್ತಾರೆ. ಗಂಡುಮಕ್ಕಳಿಲ್ಲದ ತಂದೆಯ ವಿಷಯ ಅದು, ನಿಜ. ಆದರೂ ನನ್ನ ಗಮನ ಹೋಗುವುದು ಮೋಶೆಯ ಮೇಲೆ. ಅವನು ಅವರನ್ನು ಗದರಿಸಲಿಲ್ಲ, ಮನೆಗೆ ಹೋಗಿ ತಂದೆಯ ಅಣ್ಣತಮ್ಮಂದಿರೊಡನೆ ಮಾತಾಡಿಕೊಳ್ಳಿ ಎನ್ನಲಿಲ್ಲ. ತನಗೆ ಉತ್ತರ ಗೊತ್ತಿಲ್ಲದಿದ್ದಾಗ ಅವರ ಮಾತನ್ನು ದೇವರ ಮುಂದೆ ಇಟ್ಟ. ಅವರು ಕೇಳುವುದು ನ್ಯಾಯ ಎಂದು ದೇವರು ಹೇಳಿದನು. ಆ ಐವರ ಹೆಸರನ್ನೂ ಸತ್ಯವೇದ ಬರೆದಿಟ್ಟಿದೆ: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಯೋಬನ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಗಂಡುಮಕ್ಕಳು ಏಳು ಮಂದಿ ಇದ್ದರೂ ತಂದೆ ಮೂವರು ಹೆಣ್ಣುಮಕ್ಕಳಿಗೂ ಅವರ ಜೊತೆಗೆ ಸ್ವಾಸ್ತ್ಯ ಕೊಟ್ಟ.

ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದ ಬಡ ವಿಧವೆಯ ಎರಡು ಕಾಸಿನ ಕಾಣಿಕೆಯ ಬಗ್ಗೆ ನಾವು ಪ್ರತಿವರ್ಷ ಪ್ರಸಂಗ ಕೇಳುತ್ತೇವೆ. ಅದಕ್ಕೆ ಸ್ವಲ್ಪ ಮೇಲೆಯೇ ವಿಧವೆಯರ ಮನೆಗಳನ್ನು ನುಂಗಿ, ಉದ್ದುದ್ದ ಪ್ರಾರ್ಥನೆ ಮಾಡುವವರ ಬಗ್ಗೆ ಯೇಸು ಹೇಳಿದ ಮಾತಿದೆ. ಅಮ್ಮನ ಹೆಬ್ಬೆಟ್ಟಿಗೆ ಶಾಯಿ ಹಚ್ಚಿದ ದಿನದಿಂದ ಆ ಎರಡು ಭಾಗಗಳನ್ನು ನನಗೆ ಬೇರೆ ಬೇರೆಯಾಗಿ ಓದಲು ಆಗುವುದಿಲ್ಲ.

ಹಾಗಾದರೆ ನೀವು ಏನು ಮಾಡಬೇಕೆಂದು ನಾನು ಬೇಡಿಕೊಳ್ಳುತ್ತೇನೆ? ದೊಡ್ಡ ಸಮಿತಿ, ದೊಡ್ಡ ವರದಿ ಯಾವುದೂ ಬೇಡ. ಸಭಾಪಾಲಕರಾಗಲಿ, ಹಿರಿಯರಾಗಲಿ, ಹೆಣ್ಣುಮಗಳೊಂದಿಗೆ ಪ್ರತ್ಯೇಕವಾಗಿ ಮಾತಾಡದೆ, ಅವಳ ಪಾಲು ಎಷ್ಟು ಎಂದು ಅವಳಿಗೆ ಲೆಕ್ಕ ಹೇಳದೆ, ಹಕ್ಕು ಖುಲಾಸೆ ಪತ್ರಕ್ಕೆ ಸಾಕ್ಷಿ ಹಾಕಬಾರದು ಎಂದು ಒಂದು ಸುತ್ತೋಲೆ ಹೊರಡಿಸಿ. ಲೆಕ್ಕ ತಿಳಿದ ಮೇಲೂ ಅವಳು ಮನಸ್ಸಾರೆ ಬಿಟ್ಟುಕೊಟ್ಟರೆ ಅದು ಅವಳ ದಾನ, ಅದನ್ನು ತಡೆಯಲು ನಾವು ಯಾರೂ ಅಲ್ಲ. ಈ ಒಂದು ಸುತ್ತೋಲೆಯಿಂದಲೇ ನನ್ನಂಥ ಎಷ್ಟೋ ಅಣ್ಣಂದಿರ ಕೈ ನಡುಗುತ್ತದೆ ಎಂದು ಅನುಭವದಿಂದ ಹೇಳುತ್ತೇನೆ. ಮದುವೆಗೆ ಮುಂಚೆ ವಧೂವರರನ್ನು ಕೂರಿಸಿ ಬುದ್ಧಿಮಾತು ಹೇಳುವ ಕ್ರಮ ನಮ್ಮಲ್ಲಿಯೂ ಇದೆ, ಕಥೋಲಿಕ ಧರ್ಮಪ್ರಾಂತ್ಯಗಳಲ್ಲಂತೂ ಅದಕ್ಕೆ ಶಿಬಿರವೇ ಇದೆ. ಅಲ್ಲಿ ಒಂದು ಗಂಟೆಯನ್ನು ಈ ಕಾಯಿದೆಗೆ ಕೊಡಬಹುದು, ಹುಡುಗನೂ ಹುಡುಗಿಯೂ ಒಟ್ಟಿಗೆ ಕೇಳಲಿ. ಸಾವಿನ ಮನೆಗೆ ಸಭಾಪಾಲಕರು ಹೋಗಿ ಪ್ರಾರ್ಥಿಸುವಾಗ, ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಹೋಗಿ, ಗಂಡನನ್ನು ಕಳೆದುಕೊಂಡ ತಾಯಿಯನ್ನು ನಿಮ್ಮ ಪಾಲು ನಿಮ್ಮ ಹೆಸರಿಗೆ ಆಯಿತೇ ಎಂದು ಕೇಳಲಿ. ಸಭೆಗಳ ಸ್ತ್ರೀ ಸಂಘಗಳಲ್ಲಿ ವಕೀಲೆಯರಿದ್ದಾರೆ, ನಿವೃತ್ತ ಶಿಕ್ಷಕಿಯರಿದ್ದಾರೆ. ಅವರಿಗೆ ಒಂದು ಕೋಣೆ, ತಿಂಗಳಿಗೆ ಒಂದು ದಿನ ಕೊಟ್ಟರೆ ಸಾಕು, ಪತ್ರಗಳನ್ನು ಓದಿ ಅರ್ಥ ಹೇಳಲು ನಾನೂ ಹಣ ತೆಗೆದುಕೊಳ್ಳದೆ ಬರುತ್ತೇನೆ.

ಇದರಿಂದ ಕುಟುಂಬಗಳು ಒಡೆಯುತ್ತವೆ, ಸಭೆಯಲ್ಲಿ ಅಸಮಾಧಾನ ಹುಟ್ಟುತ್ತದೆ ಎಂಬ ಭಯ ನಿಮಗಿದೆ. ಕಾಣಿಕೆ ಕೊಡುವವರು, ಚುನಾವಣೆಯಲ್ಲಿ ಮತ ಹಾಕಿಸುವವರು, ಹಿರಿಯರ ಸ್ಥಾನದಲ್ಲಿರುವವರು ಬಹುಪಾಲು ಅಣ್ಣತಮ್ಮಂದಿರೇ. ನಾನೂ ಹಿರಿಯನಾಗಿದ್ದಾಗ ಇದೇ ಭಯದಿಂದ ಸುಮ್ಮನಿದ್ದೆ, ಹಾಗಾಗಿ ನಿಮ್ಮನ್ನು ನಿಂದಿಸುವ ಅಧಿಕಾರ ನನಗಿಲ್ಲ. ಆದರೆ ಒಡಕು ಈಗಾಗಲೇ ಇದೆ. ಅದನ್ನು ಒಬ್ಬಳೇ ಹೊತ್ತುಕೊಂಡಿರುವುದರಿಂದ ಸಭೆಗೆ ಕಾಣುತ್ತಿಲ್ಲ, ಅಷ್ಟೇ. ತವರಿಗೆ ಬರುವುದನ್ನು ನಿಲ್ಲಿಸಿದ ಅಕ್ಕತಂಗಿಯರನ್ನು ಎಣಿಸಲು ನಮ್ಮ ವಾರ್ಷಿಕ ವರದಿಯಲ್ಲಿ ಅಂಕಣವಿಲ್ಲ.

ಕೊನೆಯದಾಗಿ ಒಂದು ಬೇಡಿಕೆ ನಿಮ್ಮಲ್ಲಿ ಪ್ರತಿಯೊಬ್ಬರಿಗೂ ವೈಯಕ್ತಿಕವಾದದ್ದು. ನಿಮಗೂ ಅಕ್ಕತಂಗಿಯರಿದ್ದಾರೆ, ನಿಮ್ಮ ತಂದೆಯವರೂ ಒಂದಿಷ್ಟು ಜಾಗ ಬಿಟ್ಟುಹೋಗಿರಬಹುದು. ಈ ವಿಷಯದ ಮೇಲೆ ಪ್ರಸಂಗಕ್ಕೆ ಸಿದ್ಧರಾಗುವ ಮುನ್ನ ನಿಮ್ಮ ಮನೆಯ ಆರ್‌ಟಿಸಿಯನ್ನು ಒಮ್ಮೆ ತೆಗೆದು ನೋಡಿ. ಅದರಲ್ಲಿ ಅವರ ಹೆಸರಿಲ್ಲದಿದ್ದರೆ, ಸರಿಪಡಿಸುವ ಪತ್ರ ಬರೆಯಲು ನಾನಿದ್ದೇನೆ. ನನ್ನ ತಮ್ಮನೂ ಈ ಪತ್ರವನ್ನು ಓದುತ್ತಾನೆಂದು ನನಗೆ ಗೊತ್ತು. 15 ಸೆಂಟ್ಸಿನ ವ್ಯವಸ್ಥಾಪತ್ರದ ಕರಡು ತಂಗಿಯ ಹೆಸರು ಬರೆದು, ತಾರೀಕಿನ ಜಾಗ ಖಾಲಿ ಬಿಟ್ಟು, ನನ್ನ ಮೇಜಿನ ಎಡಗಡೆಯ ಡ್ರಾಯರಿನಲ್ಲಿ ಇಟ್ಟಿದ್ದೇನೆ.

ಕ್ರಿಸ್ತನಲ್ಲಿ ನಿಮ್ಮವನು,
ಉಡುಪಿಯ ಒಬ್ಬ ದಸ್ತಾವೇಜು ಬರಹಗಾರ